ಓದುಗರ ಪ್ರಶ್ನೆ: ಕಬ್ಬಿಣದ ನೈಟ್ರೈಡ್ ಪುಡಿ ಅಯಸ್ಕಾಂತಕ್ಕೆ ಏಕೆ ಅಂಟುತ್ತಿಲ್ಲ?

ಪ್ರಶ್ನೆ: ಕಬ್ಬಿಣದ ಆಕ್ಸೈಡ್‌ನ 20 ನ್ಯಾನೊಮೀಟರ್ ಕಣಗಳ ಮೇಲೆ ಟ್ಯೂಬ್ ಫರ್ನೇಸ್‌ನಲ್ಲಿ (ಕೊಳವೆ ಕುಲುಮೆ) 500 ಡಿಗ್ರಿಗೆ 6 ಗಂಟೆ ಬರೀ ಅಮೋನಿಯಾ ಹಾಯಿಸಿದೆ. ಪುಡಿ ಕಪ್ಪಗಾಯಿತು, ಅಯಸ್ಕಾಂತಕ್ಕೆ ಮಾತ್ರ ಸರಿಯಾಗಿ ಅಂಟುತ್ತಿಲ್ಲ. ಎಲ್ಲಿ ತಪ್ಪಿದೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ನೈಟ್ರೋಜನ್ ಅತಿಯಾಗಿದೆ. ಬರೀ ಅಮೋನಿಯಾ ಸಿಕ್ಕರೆ ಕಬ್ಬಿಣ ಎರಡು ಪರಮಾಣುವಿಗೆ ಒಂದರಂತೆ ನೈಟ್ರೋಜನ್ ಹೀರುವವರೆಗೂ ಹೋಗುತ್ತದೆ. ಆ ನೈಟ್ರೈಡ್‌ಗೆ ಕೋಣೆಯ ಉಷ್ಣತೆಯಲ್ಲಿ ಫೆರೋಕಾಂತತ್ವ, ಅಂದರೆ ಕಬ್ಬಿಣದಂತೆ ಅಯಸ್ಕಾಂತಕ್ಕೆ ಬಲವಾಗಿ ಅಂಟುವ ಗುಣ, ಇಲ್ಲ. ನಿಮಗೆ ಬೇಕಿರುವುದು ನಾಲ್ಕು ಕಬ್ಬಿಣಕ್ಕೆ ಒಂದು ನೈಟ್ರೋಜನ್ ಇರುವ, ಗಾಮಾ ಪ್ರೈಮ್ ಎಂಬ ನೈಟ್ರೈಡ್. ಗಟ್ಟಿ ರೂಪದಲ್ಲಿ ಅದರ ಸ್ಯಾಚುರೇಷನ್ (ತಲುಪಬಲ್ಲ ಗರಿಷ್ಠ ಕಾಂತತ್ವ) ಗ್ರಾಂಗೆ ಸುಮಾರು 208 ಇಎಂಯು (ಕಾಂತತ್ವದ ಅಳತೆ). ಶುದ್ಧ ಕಬ್ಬಿಣದ್ದು 218.

ಕೊಳವೆಯೊಳಗಿನ ಗಾಳಿಯನ್ನು ಮೊದಲು ನೈಟ್ರೋಜನ್ ಬಿಟ್ಟು ಪೂರ್ತಿ ಹೊರಹಾಕಿ. ಈ ಹೆಜ್ಜೆ ಬಿಟ್ಟರೆ ಹೈಡ್ರೋಜನ್ ಸಿಡಿಯುತ್ತದೆ. ನಂತರ 400 ಡಿಗ್ರಿಯಲ್ಲಿ ಹೈಡ್ರೋಜನ್ ಹಾಯಿಸಿ ಆಕ್ಸೈಡನ್ನು ಕಬ್ಬಿಣ ಮಾಡಿಕೊಳ್ಳಿ. ಹೊರಬಾಯಿಯ ತಣ್ಣನೆಯ ಗಾಜಿನ ಮೇಲೆ ನೀರಹನಿ ಕೂರುವುದು ನಿಂತ ಮೇಲೆಯೇ ಅಮೋನಿಯಾ ಬಿಡಿ. ಒಳಗೆ ತೇವ ಉಳಿದರೆ ನೈಟ್ರೈಡ್ ಆಗುವುದಕ್ಕೆ ಅಡ್ಡಿ. ಆಮೇಲೆ 450 ಡಿಗ್ರಿ, ಅಮೋನಿಯಾ 40 ಪಾಲು, ಹೈಡ್ರೋಜನ್ 60 ಪಾಲು, 2 ಗಂಟೆ. ಹರಿವು ಮಂದವಾದರೆ ಅಮೋನಿಯಾ ಬಿಸಿಯಲ್ಲೇ ಒಡೆದುಹೋಗಿ ಈ ಲೆಕ್ಕ ಕೆಡುತ್ತದೆ, ಕಬ್ಬಿಣ ಹಾಗೇ ಉಳಿಯುತ್ತದೆ.

ತಾಮ್ರದ ಟ್ಯೂಬ್ ಇರುವ ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ಗುರುತಿಸುವ ಎಕ್ಸ್-ಕಿರಣ ಪರೀಕ್ಷೆ) ನೋಡಿ: 41.2 ಮತ್ತು 47.9 ಡಿಗ್ರಿಯ ಗೆರೆಗಳು ನಿಮಗೆ ಬೇಕಾದ ಗಾಮಾ ಪ್ರೈಮ್‌ನವು, 44.7ರಲ್ಲಿ ಗೆರೆ ಎದ್ದರೆ ಅದು ಉಳಿದ ಕಬ್ಬಿಣ. ಈ ಬಿಸಿಯಲ್ಲಿ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. 20 ನ್ಯಾನೊಮೀಟರ್ ಉಳಿಯಲೇಬೇಕಿದ್ದರೆ ಮೊದಲೇ ಸಿಲಿಕಾ ಹೊದಿಕೆ ಕೊಡಿ. ಹಿತ್ತಾಳೆ ವಾಲ್ವ್ ಬೇಡ, ಅಮೋನಿಯಾ ಅದನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಹೊರಬರುವ ಅನಿಲವನ್ನು ದುರ್ಬಲ ಆಮ್ಲದ ಮೂಲಕ ಫ್ಯೂಮ್ ಹುಡ್‌ಗೆ (ಅನಿಲ ಹೊರಗೆಳೆಯುವ ಗೂಡು) ಬಿಡಿ, ನಡುವೆ ಒಂದು ಖಾಲಿ ಬಾಟಲಿ ಇರಲಿ. ಇಲ್ಲದಿದ್ದರೆ ಆಮ್ಲ ಬಿಸಿ ಕೊಳವೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಚೆನ್ನಾಗಿದ್ದ ಇದೇ ಬಗೆಯ ಪುಡಿಯ ಕಾಂತತ್ವ ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧಕ್ಕಿಳಿಯಿತು. ಏಕೆ?
– ಸಂಶೋಧನಾ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ತುಕ್ಕು. 20 ನ್ಯಾನೊಮೀಟರ್ ಕಣದ ಸುತ್ತ ಬರೀ 2 ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಕೂತರೂ ಕಣದ ಘನಗಾತ್ರದಲ್ಲಿ ಸುಮಾರು 49 ಶೇಕಡಾ ಅದರ ಪಾಲಿಗೆ ಹೋಯಿತು. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್‌ನ ಸ್ಯಾಚುರೇಷನ್ ಗ್ರಾಂಗೆ ಹೆಚ್ಚೆಂದರೆ 92 ಇಎಂಯು. ಮೇಲ್ಮೈ ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಕಾಂತಗಳು) ಓರೆಯಾಗುವುದರಿಂದ ಅಷ್ಟೂ ಸಿಗುವುದಿಲ್ಲ.

ಮಲೆನಾಡಿನ ಮಳೆಗೆ ಪುಡಿಯನ್ನು ತೆರೆದಿಡಲೇಬೇಡಿ. ಫರ್ನೇಸ್ ಪೂರ್ತಿ ತಣ್ಣಗಾದ ಮೇಲೆ, 1 ಶೇಕಡಾ ಆಕ್ಸಿಜನ್ ಬೆರೆತ ನೈಟ್ರೋಜನ್ನನ್ನು ಕೆಲವು ಗಂಟೆ ನಿಧಾನವಾಗಿ ಹಾಯಿಸಿ. ತೆಳುವಾದ, ಬಿಗಿಯಾದ ಪದರ ಕೂರುತ್ತದೆ. ನೇರವಾಗಿ ಗಾಳಿಗೆ ತೆಗೆದರೆ ಪುಡಿ ಇಟ್ಟ ದೋಣಿಯಾಕಾರದ ಪಾತ್ರೆಯ ಅಂಚಿನಿಂದ ಕೆಂಡ ಹರಿದು ಇಡೀ ಪುಡಿ ಸುಟ್ಟು ಕೆಂಪಗಾಗುತ್ತದೆ. ಆಮೇಲೆ ಡೆಸಿಕೇಟರ್‌ನಲ್ಲಿಡಿ (ಒಳಗೆ ತೇವ ಇರದಂತೆ ಮುಚ್ಚಿದ ಪಾತ್ರೆ), ಸಿಲಿಕಾ ಜೆಲ್‌ನ ನೀಲಿ ಹರಳು ಗುಲಾಬಿಗೆ ತಿರುಗಿದ ದಿನವೇ ಬದಲಿಸಿ.