ಮೊದಲ ಬೇಟೆ ರೈಫಲ್‌ಗೆ 6.5 ಕ್ರೀಡ್‌ಮೂರ್ ಸಾಕಾ, .308 ಬೇಕಾ?

6.5 ಕ್ರೀಡ್‌ಮೂರ್, .308 ಎರಡೂ ರೈಫಲ್ ಕಾಡತೂಸಿನ ಬಗೆಗಳು. ಹೆಸರಿನ ಅಂಕಿ ಗುಂಡಿನ ದಪ್ಪದ್ದು, ಮೊದಲನೆಯದು ಮಿಲಿಮೀಟರ್‌ನಲ್ಲಿ, ಎರಡನೆಯದು ಇಂಚಿನಲ್ಲಿ. ಪ್ರಶ್ನೆ ಕೇಳಿದವರು ಹೇಳಿದ್ದು ಇಷ್ಟು. ಇದು ಅವರ ಮೊದಲ ರೈಫಲ್. ಬೇಟೆ ಹೆಚ್ಚಾಗಿ ಜಿಂಕೆಯದು, ಪರವಾನಗಿ ಸಿಕ್ಕ ವರ್ಷ ಎಲ್ಕ್ (ಉತ್ತರ ಅಮೆರಿಕದ ದೊಡ್ಡ ಜಿಂಕೆ ಜಾತಿ) ಕೂಡ. ದೂರ ಬಹುಪಾಲು 250 ಗಜದೊಳಗೆ. ಒಬ್ಬರು "6.5 ಕ್ರೀಡ್‌ಮೂರ್ ತಗೊಳ್ಳಿ, 600 ಗಜದಲ್ಲೂ ಎಲ್ಕ್ ಬೀಳುತ್ತದೆ" ಅಂದಿದ್ದಾರೆ. ಇನ್ನೊಬ್ಬರು "ಅದು ಕಾಗದಕ್ಕೆ ಹೊಡೆಯುವ ಕಾಡತೂಸು, ಬೇಟೆಗೆ .308 ಬಿಟ್ಟು ಬೇರೆ ಮಾತಿಲ್ಲ" ಅಂದಿದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಮಾಧಾನವಾಗಿ ಓದಿ.

ಮೊದಲೇ ಹೇಳಿಬಿಡುತ್ತೇನೆ. ನಿಮಗೆ 6.5 ಕ್ರೀಡ್‌ಮೂರ್ ಒಳ್ಳೆಯ ಆಯ್ಕೆ. ಅದು ಭುಜಕ್ಕೆ ಕಡಿಮೆ ಒದೆಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ದೂರ ಹೊಡೆಯುತ್ತದೆ ಅಂತ ಅದನ್ನು ಕೊಳ್ಳುವುದಾದರೆ ಬೇಡ.

.308 ವಿಂಚೆಸ್ಟರ್ ಬಂದದ್ದು 1952ರಲ್ಲಿ. 6.5 ಕ್ರೀಡ್‌ಮೂರ್ ಅನ್ನು ಹಾರ್ನಡಿ ಕಂಪನಿ ಹೊರತಂದದ್ದು 2007ರಲ್ಲಿ, ಗುರಿ ಸ್ಪರ್ಧೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು. ಅದಕ್ಕೆ ಹತ್ತು ವರ್ಷ ಮೊದಲೇ, 1997ರಲ್ಲಿ, .260 ರೆಮಿಂಗ್ಟನ್ ಬಂದಿತ್ತು. ಅದರದ್ದೂ ಅದೇ ದಪ್ಪದ ಗುಂಡು, ಹೆಚ್ಚುಕಮ್ಮಿ ಅದೇ ವೇಗ. ಆದರೂ ಅದು ಅಷ್ಟಾಗಿ ಓಡಲಿಲ್ಲ. ಯಾಕೆ ಅಂತ ತಿಳಿದರೆ ಕ್ರೀಡ್‌ಮೂರ್‌ನ ಗುಟ್ಟು ಅರ್ಧ ತಿಳಿದಂತೆ.

ಗಾಳಿಯನ್ನು ಚೆನ್ನಾಗಿ ಸೀಳುವ ಗುಂಡು ತೆಳ್ಳಗೆ, ಉದ್ದಕ್ಕೆ, ಚೂಪಾಗಿ ಇರಬೇಕು. ಅಂಥ ಗುಂಡನ್ನು .260ರ ಕೇಸಿಗೆ (ಮದ್ದು ತುಂಬುವ ಲೋಹದ ಕೊಳವೆಗೆ) ಕೂರಿಸಿದರೆ ಕಾಡತೂಸಿನ ಒಟ್ಟು ಉದ್ದ ಜಾಸ್ತಿಯಾಗುತ್ತದೆ, ಗಿಡ್ಡ ಕಾಡತೂಸಿಗೆಂದು ಮಾಡಿದ ಶಾರ್ಟ್ ಆಕ್ಷನ್ ರೈಫಲ್‌ನ ಮ್ಯಾಗಜೀನ್‌ಗೆ ಹಿಡಿಸುವುದಿಲ್ಲ. ಹಿಡಿಸಬೇಕೆಂದರೆ ಗುಂಡನ್ನು ಕೇಸಿನೊಳಗೆ ಇನ್ನಷ್ಟು ಒತ್ತಬೇಕು. ಆಗ ಗುಂಡಿನ ಬುಡ ಮದ್ದಿನ ಜಾಗ ತಿನ್ನುತ್ತದೆ. ಕ್ರೀಡ್‌ಮೂರ್ ಮಾಡಿದವರು ಕೇಸನ್ನೇ ಗಿಡ್ಡ ಮಾಡಿದರು. .260ರ ಕೇಸ್ 51.7 ಮಿಲಿಮೀಟರ್, ಇದರದ್ದು 48.8. ಉಳಿದ ಜಾಗದಲ್ಲಿ ಉದ್ದದ ಗುಂಡು ಹಾಯಾಗಿ ಕೂರುತ್ತದೆ. ಜೊತೆಗೆ ಕಾರ್ಖಾನೆಯ ರೈಫಲ್‌ಗಳು ಬಹುಪಾಲು ಎಂಟು ಇಂಚಿಗೆ ಒಂದು ಸುತ್ತಿನ ಟ್ವಿಸ್ಟ್ (ಗುಂಡನ್ನು ತಿರುಗಿಸುವ, ಬ್ಯಾರಲ್ ಒಳಗಿನ ಗೀರುಗಳ ತಿರುಪು) ಇಟ್ಟುಕೊಂಡೇ ಬಂದವು. ಉದ್ದದ ಗುಂಡು ಓಲಾಡದೆ ನೆಟ್ಟಗೆ ಹೋಗಬೇಕಾದರೆ ಅಷ್ಟು ಬಿಗಿ ತಿರುಪು ಬೇಕೇ ಬೇಕು. ಅಂಗಡಿಯ ರೈಫಲ್, ಅಂಗಡಿಯ ಕಾಡತೂಸು, ಎರಡೂ ಒಂದಕ್ಕೊಂದು ಹೊಂದುವಂತೆ ಸಿಕ್ಕವು. ಬರೀ ಪ್ರಚಾರದಿಂದ ಗೆದ್ದಿತು ಅನ್ನುವವರು ಇದನ್ನು ಮರೆಯುತ್ತಾರೆ.

ಈಗ ಎರಡನ್ನೂ ಅಕ್ಕಪಕ್ಕ ಇಡೋಣ. ಬೇಟೆಗೆ ಬಳಸುವ 143 ಗ್ರೇನ್‌ನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) 6.5 ಗುಂಡು ಬ್ಯಾರಲ್‌ನಿಂದ ಸೆಕೆಂಡಿಗೆ ಸುಮಾರು 2700 ಅಡಿ ವೇಗದಲ್ಲಿ ಹೊರಡುತ್ತದೆ. ಅದೇ ಜಾತಿಯ 178 ಗ್ರೇನ್‌ನ .308 ಗುಂಡು ಸುಮಾರು 2600 ಅಡಿ. ಎರಡನ್ನೂ 200 ಗಜಕ್ಕೆ ಜ಼ೀರೋ ಮಾಡಿ, ಅಂದರೆ ಆ ದೂರದಲ್ಲಿ ಗುಂಡು ಗುರಿಗೇ ಬೀಳುವಂತೆ ರೈಫಲ್ ಮೇಲಿನ ಸ್ಕೋಪ್ ಹೊಂದಿಸಿ, 300 ಗಜದಲ್ಲಿ ನೋಡಿದರೆ ಇಳಿತದಲ್ಲಿ ವ್ಯತ್ಯಾಸ ಒಂದು ಇಂಚಿನ ಆಸುಪಾಸು. ಅಡ್ಡಗಾಳಿ ಗಂಟೆಗೆ ಹತ್ತು ಮೈಲಿ ಬೀಸುತ್ತಿದ್ದರೆ 6.5 ಸರಿಯುವುದು ಐದು ಇಂಚಿಗಿಂತ ತುಸು ಜಾಸ್ತಿ, .308 ಆರಕ್ಕಿಂತ ತುಸು ಜಾಸ್ತಿ. ಅಲ್ಲೂ ಒಂದೇ ಇಂಚು. ಜಿಂಕೆಯ ಹೃದಯ-ಶ್ವಾಸಕೋಶದ ಜಾಗವೇ ಎಂಟು ಇಂಚು ಅಗಲ ಇರುತ್ತದೆ. ನೀವು ಹೇಳಿದ 250 ಗಜದೊಳಗೆ ಈ ಲೆಕ್ಕ ಯಾವ ಪ್ರಾಣಿಗೂ ಗೊತ್ತಾಗುವುದಿಲ್ಲ.

ವ್ಯತ್ಯಾಸ ಗೊತ್ತಾಗುವುದು ಭುಜಕ್ಕೆ. ಎಂಟು ಪೌಂಡ್ ತೂಕದ ರೈಫಲ್‌ನಲ್ಲಿ ಇದೇ ಎರಡು ಗುಂಡು ಹೊಡೆದರೆ 6.5ರ ಒದೆತ .308ಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. "ಕಾಲು ಭಾಗ ತಾನೇ" ಅನ್ನಬೇಡಿ. ಹೊಸಬರು ಪ್ರಾಣಿಯನ್ನು ಗಾಯ ಮಾಡಿ ಕಳೆದುಕೊಳ್ಳುವುದಕ್ಕೆ ದೊಡ್ಡ ಕಾರಣ ಬೆಚ್ಚುವುದು. ಟ್ರಿಗರ್ ಎಳೆಯುವ ಮೊದಲೇ ಮೈ ಒದೆತಕ್ಕೆ ಸಜ್ಜಾಗುತ್ತದೆ. ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ನೂಕುತ್ತದೆ, ಬ್ಯಾರಲ್ ತುದಿ ಕೆಳಗೆ ಹೋಗುತ್ತದೆ. ಹೊಡೆಯುವವರಿಗೆ ಇದು ತಿಳಿಯುವುದೇ ಇಲ್ಲ, ಯಾಕೆಂದರೆ ಅಷ್ಟರಲ್ಲಿ ಈಡು ಸಿಡಿದು ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಪರೀಕ್ಷೆ ಮಾಡಿ ನೋಡಿ. ಶೂಟಿಂಗ್ ರೇಂಜ್‌ನಲ್ಲಿ ಜೊತೆಯವರಿಗೆ ಮ್ಯಾಗಜೀನ್ ತುಂಬಲು ಹೇಳಿ. ಅವರು ನಿಜವಾದ ಕಾಡತೂಸಿನ ನಡುವೆ ಮದ್ದಿಲ್ಲದ ಡಮ್ಮಿ ಒಂದೆರಡು ಸೇರಿಸಲಿ, ಎಲ್ಲಿ ಅಂತ ನಿಮಗೆ ಹೇಳದಿರಲಿ. ಡಮ್ಮಿ ಬಂದಾಗ ಬರೀ 'ಟಕ್' ಅನ್ನುತ್ತದೆ. ಆ ಹೊತ್ತಿಗೆ ಸ್ಕೋಪ್‌ನ ಗೀಟು ಗುರಿಯ ಮೇಲೆ ಅಲ್ಲಾಡದೆ ನಿಂತಿದ್ದರೆ ಸರಿ. ಕೆಳಗೆ ಕುಸಿದಿದ್ದರೆ ನೀವು ಬೆಚ್ಚುತ್ತಿದ್ದೀರಿ ಅಂತಲೇ ಅರ್ಥ. .308ರಲ್ಲಿ ಕುಸಿಯುವ ಎಷ್ಟೋ ಜನ 6.5ರಲ್ಲಿ ನೆಟ್ಟಗೆ ನಿಲ್ಲುತ್ತಾರೆ. ಒದೆತ ಕಡಿಮೆ ಇದ್ದಾಗ ಈಡಿನ ನಂತರವೂ ಪ್ರಾಣಿ ಸ್ಕೋಪ್‌ನಲ್ಲೇ ಉಳಿಯುತ್ತದೆ. ಗುಂಡು ಎಲ್ಲಿ ತಗುಲಿತು, ಪ್ರಾಣಿ ಯಾವ ಕಡೆ ಓಡಿತು ಅಂತ ಕಾಣುತ್ತದೆ. ಮುಸ್ಸಂಜೆಯಲ್ಲಿ ಜಾಡು ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು "6.5 ಸಣ್ಣ ಗುಂಡು, ಎಲ್ಕ್‌ಗೆ ಸಾಲದು" ಅನ್ನುವ ಮಾತು. ಸ್ವೀಡನ್ನಿನಲ್ಲಿ 19ನೇ ಶತಮಾನದ ಕೊನೆಯ 6.5×55 ಕಾಡತೂಸಿನಿಂದ ನೂರು ವರ್ಷಕ್ಕೂ ಮೀರಿ ಮೂಸ್ ಬೇಟೆ ನಡೆದಿದೆ. ಮೂಸ್ ಅಂದರೆ ಎಲ್ಕ್‌ಗಿಂತಲೂ ದೊಡ್ಡ ಪ್ರಾಣಿ. ಗುಂಡಿನ ದಪ್ಪ ಕ್ರೀಡ್‌ಮೂರ್‌ನದ್ದೇ, ವೇಗವೂ ಹತ್ತಿರ ಹತ್ತಿರ ಅಷ್ಟೇ. ಆದರೆ ಅಲ್ಲಿನವರು ಅದಕ್ಕೆ ಹಾಕುತ್ತಿದ್ದದ್ದು 156 ಗ್ರೇನ್‌ನ ಭಾರದ ಗುಂಡು, ಹೊಡೆಯುತ್ತಿದ್ದದ್ದು ಕಾಡಿನೊಳಗೆ ಹತ್ತಿರದಿಂದ. ಉದ್ದ ಹೆಚ್ಚಿ ದಪ್ಪ ಕಡಿಮೆಯಿದ್ದ ಗುಂಡು ಆಳಕ್ಕೆ ಇಳಿಯುತ್ತದೆ. ದಪ್ಪಕ್ಕೆ ಹೋಲಿಸಿದರೆ ಗುಂಡಿನ ತೂಕ ಎಷ್ಟು ಅನ್ನುವ ಲೆಕ್ಕವನ್ನು ಸೆಕ್ಷನಲ್ ಡೆನ್ಸಿಟಿ ಅನ್ನುತ್ತಾರೆ. 140 ಗ್ರೇನ್‌ನ 6.5ಕ್ಕೆ ಅದು .287, 180 ಗ್ರೇನ್‌ನ .308ಕ್ಕೆ .271. ಆಳದ ವಿಷಯದಲ್ಲಿ ಸಣ್ಣ ಗುಂಡು ಹಿಂದೆ ಬೀಳುವುದಿಲ್ಲ.

ಹಿಂದೆ ಬೀಳುವುದು ತೂತಿನ ವಿಷಯದಲ್ಲಿ, ಇದನ್ನು 6.5ರ ಕಡೆಯವರು ಒಪ್ಪಿಕೊಳ್ಳಬೇಕು. .308ರ ಅಡ್ಡಕೊಯ್ತ 6.5ಕ್ಕಿಂತ ಮೂರನೇ ಒಂದು ಭಾಗಕ್ಕೂ ಮೀರಿ ದೊಡ್ಡದು. ಒಂದೇ ಬಗೆಯ ಗುಂಡುಗಳು ಅರಳಿದ ಮೇಲೂ ಆ ಅಂತರ ಸುಮಾರಾಗಿ ಉಳಿಯುತ್ತದೆ. ಹೊರಬಿದ್ದ ತೂತು ಚಿಕ್ಕದಾದರೆ ನೆಲಕ್ಕೆ ಬೀಳುವ ರಕ್ತ ಕಡಿಮೆ, ಜಾಡು ಹಿಡಿಯುವುದು ಕಷ್ಟ. ದಟ್ಟ ಪೊದೆಯಲ್ಲಿ ದೊಡ್ಡ ಹಂದಿ ಹೊಡೆಯುವವರು .308 ಬಿಡುವುದಿಲ್ಲ ಅಂದರೆ ಅದಕ್ಕೆ ಕಾರಣ ಇದೆ. ಅವರ ಜೊತೆ ನಾನು ವಾದ ಮಾಡುವುದಿಲ್ಲ.

ಹಾಗಾಗಿ ಎಲ್ಕ್‌ಗೆ 6.5 ಒಯ್ಯುವುದಾದರೆ ಗುಂಡಿನ ಆಯ್ಕೆಯಲ್ಲಿ ರಾಜಿ ಬೇಡ. ಸ್ಪರ್ಧೆಯ ಮ್ಯಾಚ್ ಗುಂಡು ಎಷ್ಟೇ ನಿಖರವಾಗಿದ್ದರೂ ಬೇಟೆಗೆ ಬೇಡ. ಅದು ಒಮ್ಮೆ ಭುಜದ ಮೂಳೆಗೆ ಬಡಿದು ಚೂರಾಗುತ್ತದೆ, ಇನ್ನೊಮ್ಮೆ ಅರಳದೆ ಸೂಜಿಯ ಹಾಗೆ ತೂರಿಹೋಗುತ್ತದೆ. ಸೀಸ ಮತ್ತು ತಾಮ್ರದ ಹೊದಿಕೆಯನ್ನು ಬೆಸೆದಿರುವ ಬಾಂಡೆಡ್ ಗುಂಡು ತಗೊಳ್ಳಿ, ಇಲ್ಲವೇ ಪೂರ್ತಿ ತಾಮ್ರದ್ದು. ಕ್ಯಾಲಿಫೋರ್ನಿಯಾದಂಥ ಕಡೆ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಬಳಸುವಂತೆಯೇ ಇಲ್ಲ, ಅಲ್ಲಿ ತಾಮ್ರವೇ ಗತಿ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಅದಕ್ಕೇ 6.5ರಲ್ಲಿ 120 ಗ್ರೇನ್ ಆಸುಪಾಸಿನವೇ ಹೆಚ್ಚು. ಅದು ಸರಿಯಾಗಿ ಅರಳಲು ವೇಗವೂ ಜಾಸ್ತಿ ಬೇಕು. ಯಾವ ವೇಗದ ಕೆಳಗೆ ಅರಳುವುದಿಲ್ಲ ಅಂತ ಗುಂಡು ಮಾಡಿದವರೇ ತಿಳಿಸಿರುತ್ತಾರೆ, ಅದನ್ನು ಓದಿ ನಿಮ್ಮ ದೂರದ ಮಿತಿ ಹಾಕಿಕೊಳ್ಳಿ. ಪ್ರಾಣಿ ಪಕ್ಕೆ ತೋರಿಸಿ ನಿಂತಿದ್ದರೆ ಮಾತ್ರ ಹೊಡೆಯಿರಿ.

600 ಗಜದ ಮಾತಿಗೆ ಬರುತ್ತೇನೆ. ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಲಹೆ. ಆ ದೂರ ತಲುಪಲು 6.5 ಗುಂಡಿಗೆ ಮುಕ್ಕಾಲು ಸೆಕೆಂಡಿಗೂ ಸ್ವಲ್ಪ ಹೆಚ್ಚು ಬೇಕು. ಅಷ್ಟರಲ್ಲಿ ಮೇಯುವ ಪ್ರಾಣಿ ಒಂದು ಹೆಜ್ಜೆ ಮುಂದೆ ಇಟ್ಟರೆ ಎದೆಗೆ ಬಿಟ್ಟ ಗುಂಡು ಹೊಟ್ಟೆಗೆ ಬೀಳುತ್ತದೆ. ಹತ್ತು ಮೈಲಿ ಅಡ್ಡಗಾಳಿಯಲ್ಲಿ ಗುಂಡು ಸರಿಯುವುದು ಸುಮಾರು 22 ಇಂಚು. ಗಾಳಿ ಹತ್ತು ಅಂದುಕೊಂಡಿರಿ, ಕಣಿವೆಯಲ್ಲಿ ಐದೇ ಇತ್ತು ಅನ್ನಿ. ಗುಂಡು 11 ಇಂಚು ಆಚೆ ಹೋಯಿತು. ಸ್ಪರ್ಧೆಯಲ್ಲಿ ಆದರೆ ಅಂಕ ಹೋಗುತ್ತದೆ, ಇಲ್ಲಿ ಒಂದು ಜೀವ ಹೊಟ್ಟೆಗೆ ಗಾಯ ಹೊತ್ತು ದಿನಗಟ್ಟಲೆ ನರಳುತ್ತದೆ. ಗುಂಡಿಗೆ ಅಲ್ಲಿ ಕೊಲ್ಲುವ ಕಸುವು ಇರಬಹುದು. ಹೊಡೆಯುವವರಿಗೆ ಗಾಳಿ ಓದಲು ಬರಬೇಕಲ್ಲ? ಮೊದಲ ರೈಫಲ್ ಕೊಳ್ಳುವವರಿಗೆ ಇಂಥ ಆಸೆ ಹುಟ್ಟಿಸುವುದು ತಪ್ಪು.

ಬ್ಯಾರಲ್ ಬೇಗ ಸವೆಯುತ್ತದೆ ಅನ್ನುವ ದೂರು ನಿಜ. 6.5ರ ಬ್ಯಾರಲ್ ಎರಡು ಮೂರು ಸಾವಿರ ಈಡಿಗೆ ನಿಖರತೆ ಕಳೆದುಕೊಳ್ಳಬಹುದು, .308 ಐದು ಸಾವಿರ ದಾಟುತ್ತದೆ. ಸ್ಪರ್ಧೆಯವರಿಗೆ ಅದು ಚಿಂತೆ, ಬೇಟೆಗಾರರಿಗೆ ಅಲ್ಲ. ಮನೆಯಲ್ಲಿ ಈಗಾಗಲೇ .308 ಇದ್ದು ಅದರಲ್ಲಿ ಕೈ ಕೂತಿರುವವರು ಸುಮ್ನೆ ಬದಲಾಯಿಸಬೇಡಿ, ನಿಮಗೆ ಸಿಗುವ ಲಾಭ ಏನೂ ಇಲ್ಲ. ಇಲ್ಲಿ ಯಾರಾದರೂ ಮ್ಯಾಗ್ನಮ್ (ಹೆಚ್ಚು ಮದ್ದಿನ, ಜೋರಾಗಿ ಒದೆಯುವ ಕಾಡತೂಸು) ಹೆಸರು ಎತ್ತಿದರೆ ಅದನ್ನೂ ಈ ಸಲ ಬಿಟ್ಟುಬಿಡಿ.

ಕೊಂಡ ಮೇಲೆ ಮಾಡಬೇಕಾದ್ದು: 140 ಗ್ರೇನ್ ಆಸುಪಾಸಿನ ಬೇಟೆ ಗುಂಡುಗಳಲ್ಲಿ ಎರಡು ಮೂರು ಬಗೆ ತಂದು ನಿಮ್ಮ ರೈಫಲ್‌ಗೆ ಯಾವುದು ಒಗ್ಗುತ್ತದೆ ಅಂತ ಕಾಗದದ ಮೇಲೆ ನೋಡಿ. ಒಗ್ಗಿದ್ದನ್ನು ಒಂದೇ ಲಾಟ್‌ನಲ್ಲಿ (ಒಟ್ಟಿಗೆ ತಯಾರಾದ ಕಂತಿನಲ್ಲಿ) ಸಾಕಷ್ಟು ಕೊಂಡಿಡಿ. 200 ಗಜಕ್ಕೆ ಜ಼ೀರೋ ಮಾಡಿ. ಆಗ 100 ಗಜದಲ್ಲಿ ಗುಂಡು ಎರಡು ಇಂಚಿಗಿಂತ ಸ್ವಲ್ಪ ಕಡಿಮೆ ಮೇಲೆ ಬೀಳುತ್ತದೆ, 250ರಲ್ಲಿ ಮೂರು ಇಂಚಿನ ಆಸುಪಾಸು ಕೆಳಗೆ. ಅಂದರೆ ನಿಮ್ಮ ದೂರದೊಳಗೆ ಸ್ಕೋಪ್ ತಿರುಗಿಸುವ ಗೋಜೇ ಇಲ್ಲ, ಎದೆಯ ನಡುವಿಗೆ ಹಿಡಿದು ಹೊಡೆದರೆ ಆಯಿತು. ಆಮೇಲೆ ಬೆಂಚ್ ಬಿಟ್ಟು ಏಳಿ. ಮಂಡಿಯೂರಿ, ಕೂತು, ಕೋಲಿನ ಆಸರೆಯಲ್ಲಿ ಅಭ್ಯಾಸ ಮಾಡಿ. ಕಾಡಿನಲ್ಲಿ ಬೆಂಚ್ ಸಿಗುವುದಿಲ್ಲ ಅಲ್ವಾ? ಆ ಭಂಗಿಗಳಲ್ಲಿ ಎಂಟು ಇಂಚಿನ ತಟ್ಟೆಗೆ ಪ್ರತಿ ಸಲ ಎಷ್ಟು ದೂರದಿಂದ ಹೊಡೆಯಬಲ್ಲಿರೋ ಅದೇ ನಿಮ್ಮ ಬೇಟೆಯ ದೂರ, ಅದು 150 ಗಜ ಆಗಿದ್ದರೆ ಈ ವರ್ಷಕ್ಕೆ 150 ಗಜ.