ಗಡ್ಡಿ ಬಿಟ್ಟು ಬನ್ನಿ ಅನ್ನೋದು ಸುಲಭ

ಕೃಷ್ಣಾ ನದಿಯೊಳಗಿನ ಗಡ್ಡಿಗಳ ಜನರನ್ನ ದಡಕ್ಕೆ ತಂದು, ಆ ಗಡ್ಡಿಗಳನ್ನ ಮೊಸಳೆ, ನೀರುನಾಯಿಗೆ ಬಿಟ್ಟುಬಿಡಬಾರದಾ ಅಂತ ಕೇಳಿದ್ದೀರಿ. ದೂರದಿಂದ ನೋಡಿದರೆ ಸರಿ ಅನ್ನಿಸುತ್ತದೆ. ನಾನು ರಾಯಚೂರು ಜಿಲ್ಲೆಯವನು, ನನಗೆ ಹಾಗನ್ನಿಸಲ್ಲ.

ಗಡ್ಡಿ ಅಂದರೆ ನಡುಗಡ್ಡೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣಾ ನದಿ ಕವಲೊಡೆದು ಮುಂದೆ ಮತ್ತೆ ಕೂಡುತ್ತದೆ. ಆ ಕವಲುಗಳ ನಡುವೆ ಜಲದುರ್ಗದ ಕೋಟೆ ಇದೆ, ಕಡದರಗಡ್ಡಿ, ಯಳಗುಂದಿಯಂಥ ಊರುಗಳಿವೆ, ಕರಕಲಗಡ್ಡಿ, ಮ್ಯಾದರಗಡ್ಡಿಯಂಥ ಕಡೆ ಕೆಲವೇ ಮನೆಗಳು. ಮೇಲೆ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಒಂದೂವರೆ, ಎರಡು ಲಕ್ಷ ಕ್ಯೂಸೆಕ್ ನೀರು ಬಿಟ್ಟರು ಅಂದರೆ ಇಲ್ಲಿಗೆ ಬರುವ ದಾರಿಯ ಶೀಲಹಳ್ಳಿ ಸೇತುವೆ ಮುಳುಗಿತು ಅಂತಲೇ ಲೆಕ್ಕ. ಇಲ್ಲಿ ಮಳೆಯೇ ಬಿದ್ದಿರುವುದಿಲ್ಲ, ಆದರೂ ಪ್ರವಾಹ! ಮಹಾರಾಷ್ಟ್ರದ ಘಟ್ಟದಲ್ಲಿ ಬಿದ್ದ ಮಳೆ ಅದು. 2019ರಲ್ಲಂತೂ ಲೆಕ್ಕ ಐದು ಲಕ್ಷ ದಾಟಿತ್ತು.

ಹಾಗಾದರೆ ಯಾಕೆ ಬಿಡಲ್ಲ? ಹೊಲ ಅಲ್ಲಿದೆ, ದನ ಕುರಿ ಅಲ್ಲಿವೆ. ದಡದಲ್ಲಿ ಮನೆ ಕೊಡಬಹುದು, ಹೊಲ ಕೊಡೋರು ಯಾರು?

ಮೊಸಳೆ ಭಯ ಇಲ್ಲ ಅಂತ ಅಲ್ಲ. ನೀರು ಏರಿದಾಗ ಪಂಪ್‌ಸೆಟ್ ಹೊತ್ತು ಮೇಲಕ್ಕೆ ತರಬೇಕು, ಇಳಿದಾಗ ಮತ್ತೆ ಕೆಳಗೆ. ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಕಸ ಸಿಕ್ಕಿಕೊಂಡರೆ ಸೊಂಟದ ಮಟ್ಟ ನೀರಿಗೆ ಇಳಿದು ಕೈ ಹಾಕಿ ತೆಗೆಯಬೇಕು. ಆಗ ದಂಡೆ ಮೇಲೆ ಒಬ್ಬರು ಸುಮ್ನೆ ನಿಂತು ನೀರನ್ನೇ ನೋಡುತ್ತಿರುತ್ತಾರೆ. ಆ ನಿಂತವರ ಕೆಲಸ ಅಷ್ಟೇ, ಆದರೆ ಅದಿಲ್ಲದೆ ಯಾರೂ ಇಳಿಯಲ್ಲ.

ಇಷ್ಟಾದರೂ ಮೊಸಳೆಗೂ ಜನಕ್ಕೂ ಹೇಗೋ ಹೊಂದಿಕೆ ಇದೆ. ಇಬ್ಬರಿಗೂ ಆಗದವನು ಮರಳು ತೆಗೆಯುವವನು. ಮೊಸಳೆ ಬೇಸಿಗೆಯಲ್ಲಿ ಮರಳು ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ನೀರು ಇಳಿದು ಟ್ರ್ಯಾಕ್ಟರ್ ನದಿಗೆ ಇಳಿಯೋದೂ ಅದೇ ಬೇಸಿಗೆಯಲ್ಲಿ. ದಂಡೆಯ ಬುಡದ ಮರಳು ಹೋದರೆ ಮುಂದಿನ ಮಳೆಗಾಲದಲ್ಲಿ ಮೇಲಿನ ಹೊಲದ ಅಂಚು ಕುಸಿಯುತ್ತದೆ. ಮೊಸಳೆಯ ಮೊಟ್ಟೆಯೂ ಹೋಯಿತು, ರೈತನ ಎರಡು ಸಾಲು ಸಜ್ಜೆಯೂ ಹೋಯಿತು. ವನ್ಯಜೀವಿ ಕಾಯ್ದೆಯಲ್ಲಿ ಮೊಸಳೆಗೆ ಮೊದಲ ಪಟ್ಟಿಯ, ಅಂದರೆ ಅತಿ ಹೆಚ್ಚಿನ ರಕ್ಷಣೆ ಇದೆ, ಅದು ಮಲಗುವ ಮರಳನ್ನ ಕಾಯೋದು ಮಾತ್ರ ಯಾರಿಗೂ ಬೇಡ.

ನನ್ನ ಕೇಳಿದರೆ ಎತ್ತರದ ಸೇತುವೆ ಕಟ್ಟಲಿ, ಗಡ್ಡಿಯ ಸುತ್ತ ಮರಳಿಗೆ ಕೈ ಹಾಕೋದು ಬೇಡ. ಸೇತುವೆ ಆದರೆ ಲಾರಿಗೂ ದಾರಿ ಆಗುತ್ತದೆ ಅಂತ ನಮ್ಮಲ್ಲೇ ಕೆಲವರು ಹೆದರುತ್ತಾರೆ. ಆ ಹೆದರಿಕೆ ನನಗೂ ಇದೆ, ಆದರೆ ಹೆರಿಗೆ ನೋವು ಬಂದವಳನ್ನ ತೆಪ್ಪದಲ್ಲಿ ದಾಟಿಸೋದನ್ನ ನೋಡಿದ ಮೇಲೆ ಸೇತುವೆ ಬೇಡ ಅನ್ನೋಕೆ ಬಾಯಿ ಬರಲ್ಲ.

ಕೆಳಗೆ ರಾಯಚೂರು ತಾಲ್ಲೂಕಿನಲ್ಲಿ ಕುರವಪುರ ಅಂತ ಇನ್ನೊಂದು ಗಡ್ಡಿ ಇದೆ, ದತ್ತಾತ್ರೇಯನ ಅವತಾರ ಅಂತ ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರ ಸ್ಥಳ. ಗುಡಿ ನಮ್ಮ ರಾಜ್ಯದ್ದು, ಆದರೆ ಬಹಳ ಭಕ್ತರು ತೆಲಂಗಾಣದ ದಡದಿಂದ ದೋಣಿಯಲ್ಲಿ ಬರುತ್ತಾರೆ. ನೋಡಬೇಕು ಅಂದರೆ ಬೇಸಿಗೆಯಲ್ಲೇ ಬನ್ನಿ, ಮರಳೂ ಕಾಣುತ್ತದೆ, ಟ್ರ್ಯಾಕ್ಟರ್ ಗುರುತೂ ಕಾಣುತ್ತದೆ.