ಹೊಸ ಟ್ಯಾಟೂಗೆ ಯಾವ ಕ್ರೀಮ್ ಹಚ್ಚಬೇಕು? ತುರಿಕೆ ತಡೆಯೋಕಾಗ್ತಿಲ್ಲ

ಸಿಪ್ಪೆ ಏಳುತ್ತಿದೆ, ರಾತ್ರಿ ನಿದ್ದೆ ಬರದಷ್ಟು ತುರಿಕೆ, ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟಿದ್ದಾರೆ, ಅದನ್ನು ಹಚ್ಚಲಾ ಅಥವಾ ಕೊಬ್ಬರಿ ಎಣ್ಣೆನಾ ಅಂತ ಕೇಳಿದ್ದೀರಿ. ಮೊದಲು ಆ ಟ್ಯೂಬಿಗೆ ಮುಚ್ಚಳ ಹಾಕಿ ಪಕ್ಕಕ್ಕಿಡಿ. ಆಮೇಲೆ ಇದನ್ನು ಓದಿ.

ನನ್ನ ಎಡಗೈ ಒಳಭಾಗದಲ್ಲಿ, ಮಣಿಕಟ್ಟಿಗಿಂತ ಮೇಲೆ, ಒಂದು ಗಂಡಭೇರುಂಡ ಇದೆ. ನಮ್ಮ ಸರ್ಕಾರದ ಲಾಂಛನದಲ್ಲಿದೆಯಲ್ಲ, ಎರಡು ತಲೆಯ ಹಕ್ಕಿ, ಅದೇ. ನನ್ನದಕ್ಕೆ ಮಾತ್ರ ಒಂದೂವರೆ ತಲೆ. ಬಲಗಡೆಯದಕ್ಕೆ ಕಣ್ಣು, ಕೊಕ್ಕು ಎಲ್ಲಾ ಇದೆ. ಎಡಗಡೆಯದು ಕುತ್ತಿಗೆ ತನಕ ಚೆನ್ನಾಗಿ ಬಂದು ಅಲ್ಲಿಂದ ಮೇಲೆ ಮಸುಕು. ಹಾಕಿದವರ ತಪ್ಪೇನಿಲ್ಲ. ಹಾಕಿಸಿದ ದಿನದ ಫೋಟೋ ಇದೆ, ಎರಡೂ ತಲೆ ಒಂದೇ ಥರ ಇವೆ. ಕೆಡಿಸಿದ್ದು ನಿಮ್ಮ ಕೈಯಲ್ಲಿರುವಂಥದ್ದೇ ಒಂದು ಟ್ಯೂಬ್.

ಮೊದಲ ಕೆಲವು ದಿನ ನಾನು ಬಹಳ ಶಿಸ್ತು. ಹೇಳಿದ ಹಾಗೆ ತೊಳೆದೆ, ಒರೆಸಿದೆ, ಉಗುರು ಕತ್ತರಿಸಿಕೊಂಡೆ. ಆಮೇಲೆ ತುರಿಕೆ ಶುರುವಾಯಿತು. ಅದು ಎಂಥ ತುರಿಕೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆಫೀಸಿನಲ್ಲಿ ಮೇಜಿನ ಅಂಚಿಗೆ ಕೈ ಒತ್ತಿಕೊಂಡು ಕೂರುತ್ತಿದ್ದೆ. ವಾರದ ಕೊನೆಗೆ ತುಮಕೂರಿಗೆ, ಮನೆಗೆ ಹೋದೆ. ನಾನು ಒದ್ದಾಡುವುದನ್ನು ನೋಡಲಾರದೆ ಅಪ್ಪ ಟಿವಿ ಪಕ್ಕದ ಔಷಧಿ ಡಬ್ಬ ತೆಗೆದು, ತಮ್ಮ ಹುಳುಕಡ್ಡಿಗೆ ತಂದಿದ್ದ ಟ್ಯೂಬ್ ಕೊಟ್ಟರು. "ಹಚ್ಕೊ ಪುಟ್ಟಿ, ಒಂದೇ ರಾತ್ರಿಗೆ ಹೋಗುತ್ತೆ" ಅಂದರು.

ಒಂದೇ ರಾತ್ರಿಗೆ ಹೋಯಿತು.

ಇಲ್ಲೇ ಎಲ್ಲರೂ ಎಡವುವುದು, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ. ಆ ಟ್ಯೂಬ್ ಕೆಲಸ ಮಾಡದಿದ್ದರೆ ನಾನು ಎಸೆದಿರುತ್ತಿದ್ದೆ. ಬೆಳಿಗ್ಗೆ ಎದ್ದಾಗ ತುರಿಕೆ ಇಲ್ಲ, ಊತ ಇಲ್ಲ, ಸುತ್ತ ಇದ್ದ ಕೆಂಪೂ ಇಳಿದಿತ್ತು. ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದೆ. ಟ್ಯೂಬನ್ನು ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿಗೆ ತಂದೆ. ಬೆಳಿಗ್ಗೆ ಸಂಜೆ ಹಚ್ಚಿದೆ, ತುರಿಕೆ ಇಲ್ಲದಿದ್ದರೂ ಹಚ್ಚಿದೆ. ಸಿಪ್ಪೆ ಏಳುವುದು ಅರ್ಧಕ್ಕೇ ನಿಂತಿತು. ಒಳ್ಳೆಯದೇ ಆಯಿತು ಅಂದುಕೊಂಡೆ. ಆಮೇಲೆ ಎಡ ತಲೆಯ ಹತ್ತಿರ, ಕೂದಲ ಬುಡದಲ್ಲಿ, ಸಣ್ಣ ಬಿಳಿ ಗುಳ್ಳೆಗಳು ಕಂಡವು. ನೋವಿರಲಿಲ್ಲ. ಅದಕ್ಕೂ ಅದನ್ನೇ ಹಚ್ಚಿದೆ! ಗುಳ್ಳೆಗಳು ಕೂಡಿಕೊಂಡವು, ಒಡೆದವು, ಕೀವು ಬಂತು. ಅಲ್ಲಿ ದಪ್ಪಗೆ ಹಕ್ಕಳೆ ಕಟ್ಟಿತು. ಜಾಕೆಟ್ ತೋಳು ಎಳೆಯುವಾಗ ಆ ಹಕ್ಕಳೆ ಕಿತ್ತು ಬಂತು. ಅದರ ಕೆಳಗೆ ಗುಲಾಬಿ ಬಣ್ಣದ ಹಸಿ ಮಾಂಸ. ಇಂಕೇ ಇಲ್ಲ.

ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಕೈ ನೋಡುವುದಕ್ಕೆ ಮುಂಚೆ ಕೇಳಿದ್ದು ಒಂದೇ ಮಾತು: "ಏನಮ್ಮಾ ಹಚ್ಚಿದ್ದು?" ಟ್ಯೂಬ್ ಕೊಟ್ಟೆ. ಕನ್ನಡಕ ಹಣೆಗೆ ಏರಿಸಿ, ಹಿಂದಿನ ಸಣ್ಣಕ್ಷರವನ್ನು ಜೋರಾಗಿ ಓದಿದರು. ಕ್ಲೋಬೆಟಾಸಾಲ್ ಪ್ರೊಪಿಯೊನೇಟ್ 0.05%. ಜೊತೆಗೆ ಒಂದು ಫಂಗಸ್ ಔಷಧಿ, ಒಂದು ಆಂಟಿಬಯಾಟಿಕ್. ಮೂರೂ ಒಂದೇ ಟ್ಯೂಬಿನಲ್ಲಿ.

ಕ್ಲೋಬೆಟಾಸಾಲ್ ಅಂದರೆ ಸ್ಟೀರಾಯ್ಡ್. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಜೋರಿನ ಗುಂಪಿನದು. ಸೋರಿಯಾಸಿಸ್‌ನಂಥ ಕಾಯಿಲೆಗೆ, ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ಹಚ್ಚುವಂಥದ್ದು. ಅವರು ನನಗೆ ಹೇಳಿದ್ದು ಹೀಗೆ. ಗಾಯದ ಸುತ್ತ ಕೆಂಪು, ಊತ, ಬಿಸಿ ಕಾಣುವುದು ಅಲ್ಲಿ ರಿಪೇರಿ ನಡೆಯುತ್ತಿರುವುದಕ್ಕೆ. ಸ್ಟೀರಾಯ್ಡ್ ಮಾಡುವುದು ಏನೆಂದರೆ, ಸದ್ದು ಜಾಸ್ತಿ ಆಯಿತು ಅಂತ ಗಾರೆ ಕೆಲಸದವರನ್ನೇ ಮನೆಗೆ ಕಳಿಸಿದ ಹಾಗೆ. ಸದ್ದು ನಿಲ್ಲುತ್ತದೆ, ಗೋಡೆ ಅರ್ಧಕ್ಕೇ ನಿಲ್ಲುತ್ತದೆ. ಹೊಸ ಚರ್ಮ ಬೆಳೆಯುವುದು ನಿಧಾನವಾಗುತ್ತದೆ, ಇರುವ ಚರ್ಮ ತೆಳುವಾಗುತ್ತದೆ. ಸೋಂಕು ತಗುಲಿದರೂ ಕೆಂಪು, ನೋವು ಕಾಣಿಸದ ಕಾರಣ ನಮಗೆ ಗೊತ್ತೇ ಆಗುವುದಿಲ್ಲ. ನನಗೆ ನೋವಿಲ್ಲದ ಗುಳ್ಳೆಗಳು ಬಂದದ್ದು ಹಾಗೆ. ಇನ್ನೊಂದು ವಿಚಿತ್ರ ಗೊತ್ತಾ? ಅಪ್ಪನ ಹುಳುಕಡ್ಡಿ ವರ್ಷಗಟ್ಟಲೆ ಹೋಗಿ ಬಂದು ಮಾಡುತ್ತಿದ್ದುದಕ್ಕೂ ಅದೇ ಟ್ಯೂಬ್ ಕಾರಣ.

2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಹದಿನಾಲ್ಕನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ನಡೆಯುವುದೇನು ಅಂತ ನಿಮಗೂ ಗೊತ್ತು. "ತುರಿಕೆಗೆ ಏನಾದರೂ ಕೊಡಿ" ಅಂದರೆ ಅಂಗಡಿಯವರು ತಿರುಗಿಯೂ ನೋಡದೆ ಕೈ ಹಾಕುವುದು ಇಂಥದ್ದೇ ಟ್ಯೂಬಿಗೆ. ನಿಮ್ಮ ಟ್ಯೂಬಿನ ಹಿಂದೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಅಂತ ಏನಾದರೂ ಇದ್ದರೆ ಅದು ನಿಮ್ಮ ಟ್ಯಾಟೂಗೆ ಬೇಡ. ನಿಯೋಮೈಸಿನ್ ಇದ್ದರೂ ಬೇಡ. ಅದು ಆಂಟಿಬಯಾಟಿಕ್ಕೇ ಹೌದು, ಆದರೆ ಸುಮಾರು ಜನರಿಗೆ ಅಲರ್ಜಿ ಆಗುತ್ತದೆ. ಸೋಂಕೇ ಇಲ್ಲದ ಗಾಯಕ್ಕೆ ಆಂಟಿಬಯಾಟಿಕ್ ಯಾಕೆ ಹೇಳಿ?

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಕ್ರೀಮ್ ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಟ್ಯಾಟೂ ವಾಸಿ ಮಾಡುವ ಕ್ರೀಮ್ ಅಂತ ಒಂದಿಲ್ಲ. ಚರ್ಮ ತಾನೇ ವಾಸಿಯಾಗುತ್ತದೆ. ನಾವು ಅಡ್ಡ ಬರದಿದ್ದರೆ ಸಾಕು. ಮೇಲಿನ ಪದರ ಕೂಡಿಕೊಳ್ಳಲು ಎರಡರಿಂದ ನಾಲ್ಕು ವಾರ ಬೇಕು, ಒಳಗಿನದಕ್ಕೆ ತಿಂಗಳುಗಳು. ಈ ಲೆಕ್ಕ ಯಾವ ಟ್ಯೂಬ್ ಹಚ್ಚಿದರೂ ಬೇಗ ಮುಗಿಯುವುದಿಲ್ಲ.

ಸಿಪ್ಪೆ ಜೊತೆ ಬಣ್ಣ ಬರುತ್ತಿದೆ, ದುಡ್ಡು ಹೋಯಿತಾ ಅಂತ ಭಯ ಪಟ್ಟಿದ್ದೀರಿ. ಇಲ್ಲ. ಸೂಜಿ ಮೇಲಿನ ಪದರ ದಾಟಿ, ಸುಮಾರು 1ರಿಂದ 2 ಮಿಲಿಮೀಟರ್ ಒಳಗೆ ಇಂಕು ಬಿಟ್ಟಿರುತ್ತದೆ. ಅಲ್ಲಿ ಮ್ಯಾಕ್ರೊಫೇಜ್ ಅನ್ನುವ ಜೀವಕೋಶಗಳು ಇಂಕಿನ ಕಣಗಳನ್ನು ಕಸ ಅಂದುಕೊಂಡು ನುಂಗುತ್ತವೆ, ಅರಗಿಸಿಕೊಳ್ಳಲಾಗದೆ ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲೇ ಕೂತುಬಿಡುತ್ತವೆ. ನಿಮ್ಮ ಟ್ಯಾಟೂ ಇರುವುದು ಅವುಗಳ ಹೊಟ್ಟೆಯಲ್ಲಿ. ಉದುರುತ್ತಿರುವುದು ಮೇಲಿನ ಪದರದಲ್ಲಿ ಸಿಕ್ಕಿಕೊಂಡ ಇಂಕು, ಅದು ಹೇಗೂ ಉಳಿಯುತ್ತಿರಲಿಲ್ಲ. ತಾನಾಗಿ ಉದುರಲಿ. ಕೀಳಬೇಡಿ, ಅಷ್ಟೇ. ಸಿಪ್ಪೆ ಹೋದ ಮೇಲೂ ಕೆಲವು ವಾರ ಹಾಲು ಬಳಿದಂತೆ ಮಂಜಾಗಿ ಕಾಣುತ್ತದೆ. ಅದಕ್ಕೂ ತಲೆ ಕೆಡಿಸಿಕೊಳ್ಳಬೇಡಿ.

ಮಾಡಬೇಕಾದ್ದು ಬಹಳ ಕಮ್ಮಿ. ಮೊದಲು ಕೈ ತೊಳೆಯಿರಿ. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಮೊಬೈಲ್ ಹಿಡಿದ ಕೈ, ಗಾಡಿ ಹ್ಯಾಂಡಲ್ ಹಿಡಿದ ಕೈ, ಅದೇ ಕೈಯಲ್ಲಿ ಟ್ಯಾಟೂ ಮುಟ್ಟಿ ನೋಡುವುದು. ಆಮೇಲೆ ವಾಸನೆ ಇಲ್ಲದ ಸೋಪು, ಉಗುರು ಬೆಚ್ಚಗಿನ ನೀರು, ದಿನಕ್ಕೆ ಎರಡು ಸಲ, ಅಂಗೈಯಿಂದ ಮೆಲ್ಲಗೆ. ನಲ್ಲಿ ಕೆಳಗೆ ತೊಳೆಯಿರಿ, ಬಕೆಟ್ಟಿನಲ್ಲಿ ಕೈ ಅದ್ದಬೇಡಿ. ಸ್ನಾನ ಮಾಡುವಾಗ ಬಿಸಿ ನೀರು ಅದರ ಮೇಲೆ ಸುರಿದುಕೊಂಡರೆ ತುರಿಕೆ ಆ ಕ್ಷಣ ಹಿತವಾಗುತ್ತದೆ, ಅರ್ಧ ಗಂಟೆಗೆ ದುಪ್ಪಟ್ಟಾಗಿ ವಾಪಸ್ ಬರುತ್ತದೆ. ಬಾತ್‌ರೂಮಿನಲ್ಲಿ ನೇತಾಡುವ ಟವೆಲ್ ಬೇಡವೇ ಬೇಡ. ಟಿಶ್ಯೂ ಪೇಪರಿನಿಂದ ಒತ್ತಿ ಒರೆಸಿ, ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್, ಅದೂ ಹಚ್ಚಿದ್ದೇ ಕಾಣಬಾರದು ಅಷ್ಟು ತೆಳ್ಳಗೆ. ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪಗೆ ಬಳಿದುಕೊಂಡರೆ ಕೆಳಗೆ ಬೆವರು ಕೂತು ಚರ್ಮ ಮೆತ್ತಗಾಗುತ್ತದೆ. ನೀವು ಮಂಗಳೂರಿನಲ್ಲಿದ್ದೀರಿ ಅಂದಿದ್ದೀರಿ, ಆ ಸೆಕೆಯಲ್ಲಿ ಇನ್ನೂ ಹುಷಾರು.

ತುರಿಕೆಗೆ? ತಣ್ಣಗೆ ಮಾಡಿ. ಫ್ರಿಜ್ಜಿನಲ್ಲಿಟ್ಟ ನೀರಿನ ಬಾಟಲಿಗೆ ತೊಳೆದ ಹತ್ತಿ ಬಟ್ಟೆ ಸುತ್ತಿ ಪಕ್ಕದಲ್ಲಿ ಒತ್ತಿಕೊಳ್ಳಿ, ಟ್ಯಾಟೂ ಮೇಲೆ ಅಲ್ಲ, ಸುತ್ತ. ರಾತ್ರಿ ಸಡಿಲವಾದ ಹತ್ತಿ ತೋಳಿನ ಅಂಗಿ ಹಾಕಿ ಮಲಗಿ. ತೀರಾ ತಡೆಯಲಾಗದಿದ್ದರೆ ನುಂಗುವ ಅಲರ್ಜಿ ಮಾತ್ರೆ ಇದೆ, ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಹತ್ತು ಹದಿನೈದು ದಿನದ ಕಷ್ಟ ಇದು. ಕಷ್ಟ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ.

ಕೊಬ್ಬರಿ ಎಣ್ಣೆ ಬಗ್ಗೆ ನನ್ನ ತಕರಾರು ಎಣ್ಣೆ ಮೇಲಲ್ಲ, ಬಾಟಲಿ ಮೇಲೆ. ಮನೆಮಂದಿಯೆಲ್ಲ ತಲೆಗೆ ಹಚ್ಚಿ ಬೆರಳಾಡಿಸಿದ ಬಾಟಲಿಯಿಂದ ಗಾಯಕ್ಕೆ ಹಚ್ಚಬೇಡಿ. ಸಿಪ್ಪೆ ಎಲ್ಲಾ ಹೋದ ಮೇಲೆ ಬೇಕಾದರೆ ಹೊಸ ಬಾಟಲಿ ತೆಗೆಯಿರಿ. ಅರಿಶಿನ ಬೇಡ. ನಮ್ಮಜ್ಜಿಯ ಮೊಣಕೈವರೆಗೂ ಹಚ್ಚೆ ಇತ್ತು. ಸೂಜಿ, ಕಾಡಿಗೆ, ಸೊಪ್ಪಿನ ರಸದಲ್ಲಿ ಚುಚ್ಚಿದ್ದು, ಮೇಲೆ ಅರಿಶಿನ ಬಳಿದಿದ್ದರಂತೆ. ನನ್ನ ಟ್ಯಾಟೂ ನೋಡಿ ಅವರ ಕಾಲದ ಔಷಧಿಯನ್ನೇ ಹೇಳಿದರು. ಅವರಿಗೆ ವಾಸಿಯಾಯಿತು, ನಿಜ. ಆದರೆ ಹಚ್ಚೆ ಬಲಿತು ಜ್ವರ ಬಂದು ಮಲಗಿದ ಓರಗೆಯವರ ಕಥೆಯನ್ನೂ ಅಜ್ಜಿಯೇ ಹೇಳಿದ್ದು. ಅಮ್ಮನದು ಬೇರೆ ವರಾತ: ಬದನೆಕಾಯಿ, ಕಡಲೆಬೀಜ ತಿನ್ನಬೇಡ, ನಂಜಾಗುತ್ತೆ. ಅದರಿಂದ ಟ್ಯಾಟೂಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ನಾನು ಬಿಟ್ಟೆ, ಮನೆಯಲ್ಲಿ ಜಗಳ ಯಾಕೆ ಸುಮ್ನೆ.

ಬಿಸಿಲಿಗೆ ತೋಳು ಮುಚ್ಚಿಕೊಳ್ಳಿ. ಸನ್‌ಸ್ಕ್ರೀನ್ ಈಗ ಬೇಡ, ಚರ್ಮ ಪೂರ್ತಿ ಕೂಡಿದ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿನದು, ಆಮೇಲೆ ಜೀವಮಾನವಿಡೀ.

ಡಾಕ್ಟರ ಹತ್ತಿರ ಯಾವಾಗ ಓಡಬೇಕು ಅಂದರೆ: ಕೆಂಪು ದಿನದಿಂದ ದಿನಕ್ಕೆ ಹರಡುತ್ತಿದ್ದರೆ, ಮುಟ್ಟಿದರೆ ಬಿಸಿ, ಕೀವು, ಜ್ವರ, ಅಥವಾ ಟ್ಯಾಟೂಯಿಂದ ಮೇಲಕ್ಕೆ ಕೆಂಪು ಗೆರೆ ಎದ್ದರೆ. ಅವತ್ತೇ ಹೋಗಿ. ಕೆಂಪು ಬಣ್ಣ ತುಂಬಿಸಿದ್ದೀರಿ ಅಂದಿದ್ದೀರಲ್ಲ, ಆ ಭಾಗ ಮಾತ್ರ ವಾರಗಳಾದರೂ ಉಬ್ಬಿಕೊಂಡು ತುರಿಸುತ್ತಿದ್ದರೆ ಅದು ಇಂಕಿನ ಅಲರ್ಜಿ ಇರಬಹುದು. ಬಣ್ಣಗಳಲ್ಲಿ ಅಲರ್ಜಿ ಜಾಸ್ತಿ ಕಾಣುವುದು ಕೆಂಪಿಗೇ. ಆಗ ಡಾಕ್ಟರೇ ಸ್ಟೀರಾಯ್ಡ್ ಬರೆದುಕೊಟ್ಟರೂ ಬರೆಯಬಹುದು. ಅದು ಬೇರೆ ವಿಷಯ, ಅವರು ನೋಡಿ ಕೊಡುತ್ತಾರೆ, ನಿಲ್ಲಿಸುವ ದಿನವನ್ನೂ ಹೇಳುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಇಷ್ಟೆಲ್ಲಾ ಕಾಯಬೇಡಿ, ಸಣ್ಣ ಅನುಮಾನಕ್ಕೇ ಹೋಗಿ.

ಹಾಳಾದ ತಲೆಯನ್ನು ಸರಿ ಮಾಡಿಸಲಿಲ್ಲವಾ ಅಂತ ಕೇಳುತ್ತೀರಿ. ಟಚ್‌ಅಪ್‌ಗೆ ಹೋದೆ. ಆರ್ಟಿಸ್ಟ್ ಚರ್ಮವನ್ನು ಎರಡು ಬೆರಳಲ್ಲಿ ಎಳೆದು ನೋಡಿ, ತೆಳ್ಳಗಾಗಿದೆ, ಈಗ ಸೂಜಿ ಇಟ್ಟರೆ ಇಂಕು ಹರಡಿಕೊಳ್ಳುತ್ತದೆ, ಆಗಲ್ಲ ಅಂದರು. ದುಡ್ಡಿನ ಆಸೆಗೆ ಹಾಕಿಬಿಡಬಹುದಿತ್ತು, ಹಾಕಲಿಲ್ಲ. ಆಮೇಲೆ ನನಗೇ ಆ ಅರ್ಧ ತಲೆ ಅಭ್ಯಾಸವಾಗಿಬಿಟ್ಟಿತು.

ಇನ್ನು ಕೊನೆಯಲ್ಲಿ ಸಣ್ಣದಾಗಿ ಕೇಳಿದ್ದೀರಿ, ಮುಂದಿನ ವಾರ ಗೋಕರ್ಣ ಟ್ರಿಪ್, ಉಪ್ಪುನೀರು ಗಾಯಕ್ಕೆ ಒಳ್ಳೆಯದಲ್ವಾ ಅಂತ. ಅಲ್ಲ. ಸಮುದ್ರದ ನೀರು ನೀವು ಮನೆಯಲ್ಲಿ ಕಲಸಿದ ಉಪ್ಪುನೀರಲ್ಲ, ಅದರಲ್ಲಿ ಜೀವ ತುಂಬಿದೆ. 2017ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಪ್ರಕರಣ ಇದೆ. 31 ವರ್ಷದ ಒಬ್ಬಾತ ಟ್ಯಾಟೂ ಹಾಕಿಸಿ 5 ದಿನಕ್ಕೆ ಮೆಕ್ಸಿಕೋ ಕೊಲ್ಲಿಯಲ್ಲಿ ಈಜಿದ. ವಿಬ್ರಿಯೋ ಅನ್ನುವ ಬ್ಯಾಕ್ಟೀರಿಯಾ ಆ ಗಾಯದಿಂದ ರಕ್ತಕ್ಕೆ ಹೋಯಿತು, ಆತ ಉಳಿಯಲಿಲ್ಲ. ಅವನಿಗೆ ಮೊದಲೇ ಲಿವರ್ ಕೆಟ್ಟಿತ್ತು, ನಿಮಗೆ ಹಾಗೇ ಆಗುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ ಸಮುದ್ರ, ಹೊಳೆ, ಕಲ್ಯಾಣಿ, ಈಜುಕೊಳ ಯಾವುದೂ ಇನ್ನು ಮೂರು ನಾಲ್ಕು ವಾರ ಬೇಡ. ಟ್ರಿಪ್ ರದ್ದು ಮಾಡಬೇಕಾಗಿಲ್ಲ. ಉದ್ದ ತೋಳಿನ ಅಂಗಿ ಹಾಕಿಕೊಂಡು ಹೋಗಿ, ನೆರಳಲ್ಲಿ ಕೂತು ಮೀನೂಟ ಮಾಡಿ, ಸ್ನೇಹಿತರು ನೀರಿಗಿಳಿದಾಗ ಅವರ ಚಪ್ಪಲಿ ಮೊಬೈಲ್ ಕಾಯಿರಿ. ಹೋಗುವ ಮುಂಚೆ ಟ್ಯೂಬಿನ ಹಿಂಭಾಗದ ಹೆಸರುಗಳನ್ನು ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ. ಎರಡು ಸಲ ಹಚ್ಚಿಯಾಗಿದೆ ಅಂದರೂ ಗಾಬರಿ ಬೇಡ, ಇವತ್ತಿಗೆ ನಿಲ್ಲಿಸಿದರೆ ಸಾಕು.